ದೀಪಧಾರಿಣಿ ಫ್ಲಾರೆನ್ಸ್ ನೈಟಿಂಗೇಲ್

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಪ್ರತಿ ವರುಷವೂ ಒಬ್ಬ ಮಹನೀಯರ ಜೀವನಚರಿತ್ರೆ ಬರುವುದು ವಾಡಿಕೆ. ಕನಕದಾಸರು, ಸರ್ವಜ್ಞ, ಗಳಗನಾಥರು, ಮೈಲಾರ ಮಹಾದೇವಪ್ಪನವರು ನಮ್ಮ ನೆಲದವರೇ ಆದುದರಿಂದ ಅವರನ್ನು ಕುರಿತು ಬಲ್ಲವರು ಬರೆಯುತ್ತಲೇ ಇರುತ್ತಾರೆ. ನಾನು ಈ ಸಲ ಆರಿಸಿಕೊಂಡಿರುವುದು ನಮ್ಮ ನಾಡನ್ನು ಒಮ್ಮೆಯೂ ಕಣ್ಣಾರೆ ಕಾಣದ ಒಬ್ಬ ಇಂಗ್ಲಿಷ್ ಹೆಣ್ಣುಮಗಳನ್ನು. ಇದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ತಂದೆಯವರು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲರು. ಕಳೆದ ವರುಷ ಸುಗ್ಗಿಯ ಭರದಲ್ಲಿ, ಚೀಲ ಹೊರುತ್ತಿರುವಾಗಲೇ ಅವರಿಗೆ ಎದೆ ಹಿಡಿದುಕೊಂಡಿತು. ಮೈಯೆಲ್ಲ ಬೆವರಿತು. ಮೆಣಸಿನಕಾಯಿಯ ಘಾಟಿನಲ್ಲಿ ದುಡಿಯುವವರಿಗೆ ಕೆಮ್ಮು, ಎದೆಯುರಿ ಹೊಸದಲ್ಲವಾದ್ದರಿಂದ ಅವರು ಒಂದು ಸೋಡಾ ಕುಡಿದು, ಚೀಲಗಳ ನೆರಳಿನಲ್ಲಿ ಒಂದು ತಾಸು ಮಲಗಿಕೊಂಡರಂತೆ. ಆ ಒಂದು ತಾಸು ಎಷ್ಟು ಬೆಲೆಯುಳ್ಳದ್ದಾಗಿತ್ತೆಂಬುದು ನಮಗೆ ತಿಳಿದದ್ದು ಆಮೇಲೆ. ದವಾಖಾನೆಗೆ ಒಯ್ದಾಗ ಇ.ಸಿ.ಜಿ. ತೆಗೆದು, ಹೃದಯಾಘಾತವೆಂದು ಹೇಳಿ, ಚುಚ್ಚುಮದ್ದು ಕೊಟ್ಟು, ಅಂಬುಲೆನ್ಸಿನಲ್ಲಿ ಹಾವೇರಿಗೆ ಕಳುಹಿಸಿದರು. ಅಲ್ಲಿಯ ಒಂದು ಆಸ್ಪತ್ರೆಯ ತೀವ್ರ ನಿಗಾ ಘಟಕದ ಹೊರಗಿನ ಪಡಸಾಲೆಯಲ್ಲಿ ನಾನೂ ನನ್ನ ಅವ್ವನೂ ಆರು ರಾತ್ರಿ ಕಳೆದೆವು.

ಬಾಗಿಲಿಗೆ ಒಂದು ಸಣ್ಣ ಗಾಜಿನ ಕಿಟಕಿಯಿತ್ತು. ಅದರಿಂದ ನನಗೆ ಕಾಣುತ್ತಿದ್ದುದು ಅಪ್ಪನ ಕಾಲುಗಳು, ಹಸಿರು ಗೆರೆ ಓಡುವ ಒಂದು ಯಂತ್ರ, ಮತ್ತು ಒಬ್ಬ ನರ್ಸ್. ಆಕೆ ನನಗಿಂತ ನಾಲ್ಕೈದು ವರುಷ ದೊಡ್ಡವಳಿರಬಹುದು. ಎರಡನೆಯ ರಾತ್ರಿ ಆಕೆ ಯಂತ್ರವನ್ನು ಬಿಟ್ಟು ಅಪ್ಪನ ಮುಖವನ್ನೇ ನೋಡುತ್ತ ನಿಂತಳು, ಮಣಿಕಟ್ಟು ಹಿಡಿದಳು, ಹಣೆ ಮುಟ್ಟಿದಳು, ಕೂಡಲೇ ಡಾಕ್ಟರರನ್ನು ಕರೆದಳು. ಡಾಕ್ಟರರು ಒಳಗೆ ಕಾಲಿಟ್ಟ ಮೇಲೆಯೇ ಯಂತ್ರ ಕೂಗಲು ಹತ್ತಿದ್ದು. ಹೃದಯದ ಬಡಿತ ತಾಳ ತಪ್ಪಿತ್ತು. ಎದೆಗೆ ವಿದ್ಯುತ್ತಿನ ಆಘಾತ ಕೊಟ್ಟು ಅದನ್ನು ಸರಿದಾರಿಗೆ ತಂದರು. ಅಪ್ಪ ಚಡಪಡಿಸುತ್ತಿದ್ದ ಬಗೆ, ಹಣೆಯ ತಣ್ಣನೆಯ ಬೆವರು, ನಾಡಿಯ ಸೊರಗು ಇವುಗಳಿಂದ ಆಕೆಗೆ ಮೊದಲೇ ಅನುಮಾನ ಬಂದಿತ್ತೆಂದು ಡಾಕ್ಟರರು ಬೆಳಗ್ಗೆ ನಮಗೆ ತಿಳಿಸಿದರು.

ಇಂಥ ನೋಟ ಹುಟ್ಟಿನಿಂದ ಬರುವಂಥದೇ, ಕಲಿತರೆ ಬರುವಂಥದೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ. ಕಾಲೇಜಿಗೆ ಮರಳಿದ ಮೇಲೆ ಇತಿಹಾಸದ ಗುರುಗಳಲ್ಲಿ ಇದನ್ನು ಹೇಳಿಕೊಂಡಾಗ ಅವರು ಗ್ರಂಥಾಲಯದಿಂದ ನೈಟಿಂಗೇಲಳ ಚರಿತ್ರೆಯನ್ನು ಹುಡುಕಿ ಕೊಟ್ಟರು. ಪ್ರಾಥಮಿಕ ಶಾಲೆಯ ಪಾಠದಲ್ಲಿ ದೀಪ ಹಿಡಿದುಕೊಂಡು ನಿಂತಿದ್ದ ಆ ಚಿತ್ರದ ಹೆಂಗಸಿಗೂ ನಾನು ಓದಿದ ಈ ಹೆಂಗಸಿಗೂ ಬಹಳ ಅಂತರವಿದೆ.

ಫ್ಲಾರೆನ್ಸ್ ನೈಟಿಂಗೇಲ್ 1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದಳು. ತಂದೆತಾಯಿಗಳು ಸಿರಿವಂತರು, ಮದುವೆಯಾದ ಮೇಲೆ ಯೂರೋಪಿನ ದೀರ್ಘ ಪ್ರವಾಸದಲ್ಲಿದ್ದರು. ಹಿರಿಯ ಮಗಳು ನೇಪಲ್ಸಿನಲ್ಲಿ ಹುಟ್ಟಿದಳೆಂದು ಆ ಊರಿನ ಹಳೆಯ ಗ್ರೀಕ್ ಹೆಸರಾದ ಪಾರ್ಥೆನೋಪ್ ಎಂಬುದನ್ನೇ ಆಕೆಗೆ ಇಟ್ಟಿದ್ದರು. ಕಿರಿಯಳಿಗೂ ಹುಟ್ಟಿದೂರಿನ ಹೆಸರೇ ಬಂತು. ಇಂಗ್ಲೆಂಡಿನಲ್ಲಿ ಈ ಕುಟುಂಬಕ್ಕೆ ಡರ್ಬಿಶೈರಿನಲ್ಲಿ ಒಂದು, ಹ್ಯಾಂಪ್‌ಶೈರಿನಲ್ಲಿ ಒಂದು, ಹೀಗೆ ಎರಡು ದೊಡ್ಡ ಮನೆಗಳಿದ್ದವು. ತಂದೆ ವಿಲಿಯಂ ನೈಟಿಂಗೇಲ್ ವಿದ್ಯಾವಂತ. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆದಿರದ ಆ ಕಾಲದಲ್ಲಿ ಅವನು ತಾನೇ ಕುಳಿತು ಮಗಳಿಗೆ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ಕಲಿಸಿದನು. ಫ್ಲಾರೆನ್ಸಳಿಗೆ ಎಲ್ಲಕ್ಕಿಂತ ಗಣಿತದ ಹುಚ್ಚು ಹೆಚ್ಚು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದು ಕೆಲಸಕ್ಕೆ ಬರುತ್ತದೆ.

ಹದಿನಾರು ತುಂಬಿದ ವಯಸ್ಸಿನಲ್ಲಿ, 1837ರ ಫೆಬ್ರವರಿ ತಿಂಗಳಲ್ಲಿ, ದೇವರು ತನ್ನನ್ನು ಸೇವೆಗಾಗಿ ಕರೆದನೆಂದು ಆಕೆಗೆ ಅನ್ನಿಸಿತು. ಯಾವ ಸೇವೆ ಎಂಬುದು ಗೊತ್ತಾಗಲು ಏಳೆಂಟು ವರುಷ ಹಿಡಿಯಿತು. 1845ರಲ್ಲಿ ಹತ್ತಿರದ ಸಾಲ್ಸ್‌ಬರಿ ಊರಿನ ಆಸ್ಪತ್ರೆಗೆ ಹೋಗಿ ರೋಗಿಗಳ ಆರೈಕೆಯನ್ನು ಕಲಿಯುತ್ತೇನೆಂದು ಆಕೆ ಮನೆಯಲ್ಲಿ ಕೇಳಿದಾಗ ಸಿಡಿಲು ಬಡಿದಂತಾಯಿತು. ತಾಯಿ ಅತ್ತಳು, ಅಕ್ಕ ಹಾಸಿಗೆ ಹಿಡಿದಳು. ಅಂದಿನ ಇಂಗ್ಲೆಂಡಿನಲ್ಲಿ ದಾದಿಯ ಕೆಲಸಕ್ಕೆ ಬರುತ್ತಿದ್ದವರು ಬೇರೆ ಗತಿಯಿಲ್ಲದ ಬಡ ಹೆಂಗಸರು. ಕುಡಿಯುವವರು, ನಡತೆಗೆಟ್ಟವರು ಎಂದು ಅವರಿಗೆ ಕೆಟ್ಟ ಹೆಸರಿತ್ತು. ಅಂಥ ಕಡೆಗೆ ಕುಲೀನರ ಮಗಳು ಹೋಗುವುದೆಂದರೇನು?

ಇದನ್ನು ಓದುವಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಪಿ.ಯು.ಸಿ. ಮುಗಿದಾಗ ನರ್ಸಿಂಗ್ ಶಾಲೆಗೆ ಹೋಗುತ್ತೇನೆಂದು ನಾನೂ ಒಮ್ಮೆ ಕೇಳಿದ್ದೆ. ನಮ್ಮದು ದೊಡ್ಡ ಮನೆಯಲ್ಲ, ಎರಡು ಅಂಕಣದ ಮನೆ. ಆದರೂ ಬಂದ ಉತ್ತರ ಒಂದೇ. ರಾತ್ರಿ ಪಾಳಿ, ಕಂಡವರ ಮೈ ಮುಟ್ಟುವ ಕೆಲಸ, ನಾಳೆ ಬೀಗರು ಏನೆಂದಾರು ಎಂದು ದೊಡ್ಡಪ್ಪ ಹೇಳಿದರು. ಅಪ್ಪ ತಲೆ ತಗ್ಗಿಸಿ ಕುಳಿತರು. ಬಿ.ಎ. ಮಾಡಿದರೆ ಮರ್ಯಾದೆ ಎಂದಾಯಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವಳು ನಾನೇ ಮೊದಲಿಗಳು. ಇಷ್ಟು ಸಿಕ್ಕುದೇ ದೊಡ್ಡದೆಂದು ಸುಮ್ಮನಾದೆ. ಫ್ಲಾರೆನ್ಸ್ ಮಾತ್ರ ಸುಮ್ಮನಾಗಲಿಲ್ಲ.

ಆಕೆ ಬೆಳಗಿನ ಜಾವದಲ್ಲಿ ಎದ್ದು, ಮನೆಯವರು ಏಳುವ ಮುನ್ನ, ಆಸ್ಪತ್ರೆಗಳ ವರದಿಗಳನ್ನೂ ಲೆಕ್ಕಪತ್ರಗಳನ್ನೂ ಓದತೊಡಗಿದಳು. ಹಗಲು ಮಾತ್ರ ತಾಯಿಯೊಡನೆ ಅತಿಥಿಗಳ ಉಪಚಾರ. ತನ್ನನ್ನು ಒಂಬತ್ತು ವರುಷ ಕಾದಿದ್ದ ಮಾಂಕ್ಟನ್ ಮಿಲ್ನ್ಸ್ ಎಂಬ ಸಜ್ಜನನನ್ನು, ಅವನ ಮೇಲೆ ಪ್ರೀತಿಯಿದ್ದೂ, ನಿರಾಕರಿಸಿದಳು. 1850ರಲ್ಲಿ ಈಜಿಪ್ಟ್ ಗ್ರೀಸುಗಳ ಪ್ರವಾಸದಿಂದ ಮರಳುವಾಗ ಜರ್ಮನಿಯ ಕೈಸರ್‌ಸ್ವರ್ತ್ ಎಂಬಲ್ಲಿಯ ಧಾರ್ಮಿಕ ಸಂಸ್ಥೆಯನ್ನು ನೋಡಿದಳು. ಮರುವರುಷ ಅಲ್ಲಿಯೇ ಮೂರು ತಿಂಗಳು ನಿಂತು ಆರೈಕೆಯನ್ನು ಕಲಿತಳು. ಗ್ರೀಸಿನಿಂದ ತಂದ ಒಂದು ಗೂಬೆಮರಿಯನ್ನು ಆಕೆ ಅಥೀನಾ ಎಂದು ಕರೆದು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಳಂತೆ. ನಮ್ಮ ಕಡೆ ಗೂಬೆ ಮನೆ ಹೊಕ್ಕರೆ ಶಾಂತಿ ಮಾಡಿಸುತ್ತಾರೆ!

1853ರಲ್ಲಿ ಲಂಡನ್ನಿನ ಹಾರ್ಲಿ ಬೀದಿಯಲ್ಲಿ, ಕಾಯಿಲೆಬಿದ್ದ ಗೌರವಸ್ಥ ಸ್ತ್ರೀಯರಿಗಾಗಿ ಇದ್ದ ಸಣ್ಣ ಆಸ್ಪತ್ರೆಯೊಂದರ ಮೇಲ್ವಿಚಾರಣೆ ಆಕೆಗೆ ದೊರೆಯಿತು. ತಂದೆ ಕೊನೆಗೂ ಮನಸ್ಸು ಕರಗಿ ವರ್ಷಕ್ಕೆ 500 ಪೌಂಡುಗಳನ್ನು ಗೊತ್ತುಮಾಡಿದನು. ಆಗ ಆಕೆಗೆ ಮೂವತ್ತಮೂರು.

ಆ ವರುಷವೇ ರಷ್ಯಕ್ಕೂ ತುರ್ಕಿಗೂ ಯುದ್ಧ ಹತ್ತಿತು. ಮರುವರುಷ ಇಂಗ್ಲೆಂಡ್ ಫ್ರಾನ್ಸುಗಳು ತುರ್ಕಿಯ ಪಕ್ಷ ವಹಿಸಿ ಕ್ರಿಮಿಯಾದಲ್ಲಿ ಸೈನ್ಯವಿಳಿಸಿದವು. ಗಾಯಗೊಂಡವರನ್ನು ಹಡಗಿನಲ್ಲಿ ಕರಿಸಮುದ್ರ ದಾಟಿಸಿ, ಕಾನ್‌ಸ್ಟಾಂಟಿನೋಪಲ್ ನಗರದ ಎದುರು ದಂಡೆಯ ಸ್ಕುಟಾರಿಯಲ್ಲಿ ತಂದು ಹಾಕುತ್ತಿದ್ದರು. ಅಲ್ಲಿ ಅವರಿಗೆ ಪಟ್ಟಿ ಕಟ್ಟಲು ಬಟ್ಟೆಯೂ ಇಲ್ಲವೆಂಬ ಸುದ್ದಿಯನ್ನು ಟೈಮ್ಸ್ ಪತ್ರಿಕೆ ಪ್ರಕಟಿಸಿದಾಗ ಇಂಗ್ಲೆಂಡ್ ಕುದಿಯಿತು. ಯುದ್ಧಖಾತೆಯ ಸಚಿವ ಸಿಡ್ನಿ ಹರ್ಬರ್ಟ್ ಫ್ಲಾರೆನ್ಸಳ ಸ್ನೇಹಿತ. ಅವನ ಕೇಳಿಕೆಯ ಮೇರೆಗೆ ಆಕೆ 38 ಜನ ದಾದಿಯರೊಂದಿಗೆ 1854ರ ಅಕ್ಟೋಬರ್ 21ರಂದು ಹೊರಟು, ನವೆಂಬರ್ 4ರಂದು ಸ್ಕುಟಾರಿಯನ್ನು ಮುಟ್ಟಿದಳು.

ಸೈನ್ಯದ ವೈದ್ಯರಿಗೆ ಈ ಹೆಂಗಸರು ಬಂದದ್ದು ಹಿಡಿಸಲಿಲ್ಲ. ಇಲ್ಲಿ ಆಕೆ ತೋರಿದ ಜಾಣ್ಮೆಯನ್ನು ಮೆಚ್ಚಬೇಕು. ವೈದ್ಯರು ಕರೆಯುವ ತನಕ ಒಬ್ಬ ದಾದಿಯೂ ರೋಗಿಯನ್ನು ಮುಟ್ಟಕೂಡದೆಂದು ಆಕೆಯೇ ಅಪ್ಪಣೆ ಮಾಡಿ, ಎಲ್ಲರನ್ನೂ ಬಟ್ಟೆ ಹೊಲಿಯಲು ಕೂರಿಸಿದಳು. ಇಂಕರ್ಮನ್ ಕದನದ ಗಾಯಾಳುಗಳು ಸಾಲುಸಾಲಾಗಿ ಬಂದಿಳಿದಾಗ ವೈದ್ಯರಿಗೆ ಬೇರೆ ದಾರಿ ಉಳಿಯಲಿಲ್ಲ, ಕರೆದರು. ಆ ಕಟ್ಟಡ ತುರ್ಕಿಯ ಸೈನಿಕರ ಹಳೆಯ ವಸತಿ. ಹಾಸಿಗೆಗಳ ಸಾಲನ್ನು ಅಳೆದರೆ ನಾಲ್ಕು ಮೈಲಿಯಾಗುತ್ತಿತ್ತೆಂದು ಆಕೆ ಲೆಕ್ಕ ಹಾಕಿದ್ದಾಳೆ. ನೆಲದಲ್ಲಿ ಇಲಿ, ಗೋಡೆಯಲ್ಲಿ ಹೇನು, ಅಡಿಯಲ್ಲಿ ಕಟ್ಟಿ ನಿಂತ ಕೊಳಚೆ. ಆಕೆ ಮೊದಲು ತರಿಸಿದ ಸಾಮಾನುಗಳಲ್ಲಿ ಒಂದು ನೆಲ ತಿಕ್ಕುವ ಬ್ರಷ್ಷುಗಳು. ಆಮೇಲೆ ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ಹಂಡೆಗಳನ್ನು ಹೂಡಿಸಿ, ಸೈನಿಕರ ಹೆಂಡಂದಿರಿಗೆ ಬಟ್ಟೆ ಒಗೆಯುವ ಕೆಲಸ ಕೊಟ್ಟಳು. ರೊಟ್ಟಿ ಮಾಂಸ ನುಂಗಲಾರದವರಿಗಾಗಿ ಗಂಜಿ ಸಾರುಗಳ ಬೇರೆ ಅಡುಗೆಮನೆಯನ್ನು ತೆರೆದಳು.

ರಾತ್ರಿ ಎಂಟರ ಮೇಲೆ ಬೇರೆ ಹೆಂಗಸರು ವಾರ್ಡುಗಳಲ್ಲಿ ಇರಕೂಡದೆಂಬ ನಿಯಮವನ್ನು ಆಕೆ ಮಾಡಿದ್ದಳು. ಆ ಹೊತ್ತಿನಲ್ಲಿ ತಾನೊಬ್ಬಳೇ, ತುರ್ಕಿಯವರು ಬಳಸುವ ಮಡಿಕೆಯ ಕಾಗದದ ಲಾಂದ್ರವನ್ನು ಹಿಡಿದು, ಆ ಉದ್ದನೆಯ ಓಣಿಯಂಥ ವಾರ್ಡುಗಳಲ್ಲಿ ನಡೆಯುತ್ತಿದ್ದಳು. ಕವಿಗಳು ಈ ದೀಪವನ್ನು ಹಾಡಿ ಕೊಂಡಾಡಿದರು. ನನಗೆ ಹಿಡಿಸಿದ್ದು ದೀಪವಲ್ಲ, ಆಕೆ ಆ ಬೆಳಕಿನಲ್ಲಿ ಏನು ನೋಡುತ್ತಿದ್ದಳೆಂಬುದು. ಯಾರ ಸ್ಥಿತಿ ಎಲ್ಲರಿಗಿಂತ ಕೆಟ್ಟಿದೆಯೋ ಅವನ ಬಳಿ ಆಕೆ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಬದುಕುವ ಆಸೆಯಿಲ್ಲವೆಂದು ವೈದ್ಯರು ಪಕ್ಕಕ್ಕೆ ಮಲಗಿಸಿದ್ದ ಐವರು ಸೈನಿಕರನ್ನು ಆಕೆ ಕೇಳಿ ಪಡೆದು, ರಾತ್ರಿಯೆಲ್ಲ ಚಮಚೆಯಿಂದ ಗುಟುಕು ಗುಟುಕಾಗಿ ಉಣಿಸಿ, ಬೆಳಗಾಗುವುದರಲ್ಲಿ ಶಸ್ತ್ರಚಿಕಿತ್ಸೆಗೆ ತಾಳುವಂತೆ ಮಾಡಿದಳೆಂಬ ಒಂದು ಕಥೆಯನ್ನು ಆಕೆಯ ಚರಿತ್ರೆಕಾರರು ಹೇಳುವುದುಂಟು. ಒಬ್ಬನ ಕಾಲು ಕತ್ತರಿಸುವುದನ್ನು ಪಕ್ಕದವನು ನೋಡಿ ಎದೆಗುಂದಬಾರದೆಂದು ಮರೆಗೆ ತಡಿಕೆಗಳನ್ನು ಕೇಳಿ ತರಿಸಿದವಳೂ ಆಕೆಯೇ.

ಇಷ್ಟೆಲ್ಲ ಮಾಡಿದರೂ ಸಾವು ನಿಲ್ಲಲಿಲ್ಲ ಎಂಬುದನ್ನು ಮರೆಮಾಚುವುದು ತಪ್ಪಾದೀತು. 1855ರ ಜನವರಿ ಒಂದೇ ತಿಂಗಳಲ್ಲಿ ಆ ಸೈನ್ಯದಲ್ಲಿ 3168 ಜನ ಸತ್ತರು. ಅವರಲ್ಲಿ ಗಾಯದಿಂದ ಸತ್ತವರು 83, ತಡೆಯಬಹುದಾಗಿದ್ದ ಸಾಂಕ್ರಾಮಿಕ ರೋಗಗಳಿಂದ ಸತ್ತವರು 2761. ಫೆಬ್ರವರಿಯಲ್ಲಿ ಸ್ಕುಟಾರಿಯ ಆಸ್ಪತ್ರೆಯಲ್ಲಿ ನೂರಕ್ಕೆ ನಲವತ್ತೆರಡು ಜನ ತೀರಿಕೊಂಡರು. ಮಾರ್ಚಿಯಲ್ಲಿ ಇಂಗ್ಲೆಂಡಿನಿಂದ ನೈರ್ಮಲ್ಯ ಆಯೋಗದವರು ಬಂದು ಚರಂಡಿಗಳನ್ನು ತೋಡಿ, ನೀರಿನ ದಾರಿಯಲ್ಲಿ ಸತ್ತುಬಿದ್ದಿದ್ದ ಕುದುರೆಯನ್ನು ತೆಗೆಸಿ, ಗಾಳಿಯಾಡಲು ಕಿಂಡಿಗಳನ್ನು ಕೊರೆಸಿದ ಮೇಲೆಯೇ ಜೂನ್ ಹೊತ್ತಿಗೆ ಆ ಸಂಖ್ಯೆ ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು. ಅಂದರೆ ದೀಪದಷ್ಟೇ, ಬಹುಶಃ ದೀಪಕ್ಕಿಂತಲೂ ಮಿಗಿಲಾಗಿ, ಚರಂಡಿ ಜೀವಗಳನ್ನು ಉಳಿಸಿತು. ಜಮೈಕದ ಮೇರಿ ಸೀಕೋಲ್ ಎಂಬ ಕರಿಯ ಹೆಂಗಸು ಅದೇ ಯುದ್ಧದಲ್ಲಿ ಸ್ವಂತ ಖರ್ಚಿನಿಂದ ಬಾಲಕ್ಲಾವದ ಬಳಿ ನಿಂತು ಸೈನಿಕರ ಆರೈಕೆ ಮಾಡಿದಳು. ಆಕೆಯ ಹೆಸರನ್ನು ಲೋಕ ಬಹುಕಾಲ ಮರೆತಿತ್ತು. ದೊಡ್ಡವರ ಚರಿತ್ರೆ ಬರೆಯುವಾಗ ಇವನ್ನೂ ಹೇಳಬೇಕೆಂದು ನಮ್ಮ ಗುರುಗಳು ಕಲಿಸಿದ್ದಾರೆ.

ನೈಟಿಂಗೇಲಳ ದೊಡ್ಡತನ ಇರುವುದು ಆ ಸತ್ಯವನ್ನು ಆಕೆ ತಾನೇ ಕಂಡುಕೊಂಡುದರಲ್ಲಿ. 1856ರ ಆಗಸ್ಟಿನಲ್ಲಿ, ಮೆರವಣಿಗೆ ಬೇಡವೆಂದು ಹೆಸರು ಮರೆಸಿಕೊಂಡು ಊರಿಗೆ ಬಂದವಳು, ಸತ್ತವರ ಲೆಕ್ಕವನ್ನು ಮುಂದೆ ಹರಡಿಕೊಂಡು ಕುಳಿತಳು. ಅಂಕಿಗಳನ್ನು ಓದಲು ಮಂತ್ರಿಗಳಿಗೆ ಬೇಸರವೆಂದು, ಹೂವಿನ ಎಸಳುಗಳಂತೆ ತಿಂಗಳಿಗೊಂದು ಭಾಗ ಬಿಡಿಸಿದ ಬಣ್ಣದ ಚಿತ್ರಗಳನ್ನು ರಚಿಸಿ ತೋರಿಸಿದಳು. ರಾಯಲ್ ಸಂಖ್ಯಾಶಾಸ್ತ್ರ ಸಂಘವೆಂದು ಮುಂದೆ ಹೆಸರಾದ ಸಂಸ್ಥೆ ತನ್ನ ಸದಸ್ಯತ್ವವನ್ನು ಮೊತ್ತಮೊದಲು ಒಬ್ಬ ಸ್ತ್ರೀಗೆ ಕೊಟ್ಟದ್ದು ಈಕೆಗೆ.

ಆದರೆ ದೇಹ ಕೈಕೊಟ್ಟಿತು. 1855ರ ಮೇ ತಿಂಗಳಲ್ಲಿ ಬಾಲಕ್ಲಾವದಲ್ಲಿ ಹಿಡಿದ ಜ್ವರ ಆಕೆಯನ್ನು ಪೂರ್ತಿ ಬಿಡಲೇ ಇಲ್ಲ. 1857ರ ಆಗಸ್ಟಿನಲ್ಲಿ ಕುಸಿದುಬಿದ್ದಳು. ಎದೆ ಡವಡವಿಸುವುದು, ಉಸಿರು ಕಟ್ಟುವುದು, ನಿತ್ರಾಣ. ತನ್ನ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದೆಂದು ಆಕೆ ನಂಬಿದ್ದಳು. ಅದು ಕುರಿ ಆಡುಗಳ ಹಾಲಿನಿಂದ ಹಬ್ಬುವ ಬ್ರೂಸೆಲ್ಲೋಸಿಸ್ ಜ್ವರವಿರಬಹುದೆಂದು 1995ರಲ್ಲಿ ಒಬ್ಬ ವಿದ್ವಾಂಸರು ಊಹಿಸಿದ್ದಾರೆ. ಏನೇ ಇರಲಿ, ಮೂವತ್ತೇಳನೆಯ ವಯಸ್ಸಿನಿಂದ ಮುಂದೆ ಬಹುಕಾಲ ಆಕೆ ಹಾಸಿಗೆಯ ಮೇಲೆಯೇ ಇದ್ದು ಕೆಲಸ ಮಾಡಿದಳು. ದಾದಿಯಾಗಿದ್ದವಳು ರೋಗಿಯಾದಳು. ಆಕೆ ಬರೆದದ್ದರಲ್ಲಿ ಎರಡೂ ಕಡೆಯ ಅನುಭವ ಕಾಣುವುದು ಈ ಕಾರಣದಿಂದಲೇ ಎಂದು ನನ್ನ ಅಭಿಪ್ರಾಯ.

1859ರಲ್ಲಿ ಆಕೆ ಆರೈಕೆಯನ್ನು ಕುರಿತು ಬರೆದ ಸಣ್ಣ ಪುಸ್ತಕ ಡಾಕ್ಟರರಿಗಾಗಿ ಬರೆದುದಲ್ಲ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಸಾಮಾನ್ಯ ಹೆಂಗಸರಿಗಾಗಿ ಬರೆದದ್ದು. ಗಾಳಿ, ಬೆಳಕು, ಹಾಸಿಗೆ, ಆಹಾರ, ಸದ್ದು ಇಂಥ ಸಣ್ಣ ಸಂಗತಿಗಳೇ ಅದರ ವಿಷಯ. ರೋಗಿಯ ಬಾಗಿಲಲ್ಲಿ ನಿಂತು ಪಿಸುಗುಟ್ಟುವುದನ್ನು ಆಕೆ ಕ್ರೌರ್ಯವೆಂದೇ ಎಣಿಸುತ್ತಾಳೆ. ಒಳಗಿರುವವನು ತನ್ನ ವಿಷಯವೇ ಇರಬೇಕೆಂದು ಕಿವಿ ನೆಟ್ಟು ದಣಿಯುತ್ತಾನೆ. ಅವನ ಮಂಚಕ್ಕೆ ಒರಗಬಾರದು, ಹಿಂದಿನಿಂದ ಕರೆಯಬಾರದು, ಮೊದಲ ನಿದ್ದೆಯಿಂದ ಎಬ್ಬಿಸಬಾರದು. ಬಂದು ಹೋಗುವ ನೆಂಟರು ಏನೂ ಆಗಿಲ್ಲ, ನಾಳೆಗೆ ಎದ್ದು ಓಡಾಡುತ್ತೀ ಎಂದು ಹೇಳುವ ಪೊಳ್ಳು ಧೈರ್ಯದ ಮಾತುಗಳ ಮೇಲೆ ಆಕೆಗೆ ಎಲ್ಲಿಲ್ಲದ ಸಿಟ್ಟು.

ಹಾವೇರಿಯ ಆ ಪಡಸಾಲೆ ನನಗೆ ನೆನಪಾಯಿತು. ಬ್ಯಾಡಗಿಯಿಂದ ಹಮಾಲರ ಗುಂಪು, ರಾಣೇಬೆನ್ನೂರಿನಿಂದ ಸೋದರತ್ತೆಯ ಮನೆಯವರು, ಎಳನೀರು ಬಾಳೆಹಣ್ಣು ಹಿಡಿದುಕೊಂಡು ಬಂದರು. ಎಲ್ಲರಿಗೂ ಅಪ್ಪನ ಮುಖ ನೋಡಬೇಕು, ಎಲ್ಲರಿಗೂ ಒಂದು ಮಾತು ಆಡಿಸಬೇಕು. ಪ್ರೀತಿಯಿಂದ ಬಂದವರು, ಅವರನ್ನು ದೂರುವಂತಿಲ್ಲ. ಆ ನರ್ಸ್ ಬಾಗಿಲಲ್ಲಿ ಕೈ ಅಡ್ಡ ಹಿಡಿದು ಒಬ್ಬರನ್ನು ಮಾತ್ರ, ಅದೂ ಎರಡು ನಿಮಿಷ, ಒಳಗೆ ಬಿಟ್ಟಾಗ ನಮ್ಮವರು ಆಕೆಗೆ ಗರ್ವವೆಂದರು. ನಾನೂ ಮನಸ್ಸಿನಲ್ಲಿ ಹಾಗೆಯೇ ಅಂದುಕೊಂಡೆ. ಪೆಟ್ಟು ತಿಂದ ಹೃದಯಕ್ಕೆ ಒಂದು ಗಟ್ಟಿ ಮಾತು, ಒಂದು ಅಳು, ಎದ್ದು ಕೂರುವ ಒಂದು ಯತ್ನ ಕೂಡ ಹೊರೆಯೇ ಎಂದು ನಮಗೆ ಯಾರು ಹೇಳಿದ್ದರು? ಆಕೆ ಉಚ್ಚೆಯ ಪ್ರಮಾಣವನ್ನು ಕೂಡ ಅಳೆದು ಬರೆದಿಡುತ್ತಿದ್ದಳು. ಹೃದಯ ಸೋತರೆ ಮೂತ್ರಪಿಂಡಕ್ಕೆ ರಕ್ತ ಸಾಲದೆ ಉಚ್ಚೆ ಕಡಮೆಯಾಗುತ್ತದೆ, ನೀರು ಪುಪ್ಪುಸದಲ್ಲಿಯೂ ಕಾಲಿನಲ್ಲಿಯೂ ತುಂಬುತ್ತದೆ. ರಕ್ತದ ಹೆಪ್ಪು ಕರಗಿಸುವ ಮದ್ದು ಕೊಟ್ಟ ಮೇಲೆ ಒಸಡಿನಲ್ಲಿ ರಕ್ತ ಜಿನುಗುತ್ತದೆಯೇ ಎಂದು ಬಾಯಿ ತೆರೆಸಿ ನೋಡುತ್ತಿದ್ದಳು. ಇವನ್ನೆಲ್ಲ ನಾನು ಆಮೇಲೆ ಕೇಳಿ ತಿಳಿದುಕೊಂಡೆ.

ನೈಟಿಂಗೇಲಳ ಕಾಲದಲ್ಲಿ ಈ ಯಂತ್ರಗಳು ಯಾವುವೂ ಇರಲಿಲ್ಲ. ಬೆರಳು, ಕಣ್ಣು, ಕಿವಿ, ಒಂದು ಗಡಿಯಾರ. ನಾಡಿಗಳಲ್ಲಿಯೂ ಬಗೆಬಗೆ ಉಂಟು, ಅವುಗಳ ಭೇದವನ್ನು ದಾದಿ ಬೆರಳಲ್ಲಿ ಅರಿಯಬೇಕು. ರೋಗಿ ಹೇಗಿದ್ದಾನೆಂದರೆ ಚೆನ್ನಾಗಿದ್ದಾನೆ ಎನ್ನುವುದು ಉತ್ತರವಲ್ಲ, ಎಷ್ಟು ತಾಸು ಮಲಗಿದ, ಎಷ್ಟು ತುತ್ತು ಉಂಡ, ಉಸಿರು ಹೇಗಿತ್ತು ಎಂಬುದು ಉತ್ತರ ಎಂಬುದು ಆಕೆಯ ಬೋಧೆಯ ತಿರುಳು. ನೋಡಲು ಕಲಿಯದ ದಾದಿ, ಎಷ್ಟೇ ಮರುಕವುಳ್ಳವಳಿರಲಿ, ಆ ಕೆಲಸವನ್ನು ಬಿಡುವುದೇ ಮೇಲೆಂದು ಆಕೆ ಖಂಡಿತವಾಗಿ ತಿಳಿಸಿದ್ದಾಳೆ. ಆಸ್ಪತ್ರೆಗಳ ಕಟ್ಟಡವನ್ನು ಕುರಿತ ಇನ್ನೊಂದು ಗ್ರಂಥದ 1863ರ ಆವೃತ್ತಿಯಲ್ಲಿ, ಶಸ್ತ್ರಚಿಕಿತ್ಸೆಯಾದವರು ಚೇತರಿಸಿಕೊಳ್ಳುವವರೆಗೆ ಇರಲು ಶಸ್ತ್ರಕ್ರಿಯೆಯ ಕೋಣೆಗೆ ಹೊಂದಿಕೊಂಡ ಸಣ್ಣ ಕೋಣೆಯ ಮಾತು ಬರುತ್ತದೆ. ಇಂದಿನ ತೀವ್ರ ನಿಗಾ ಘಟಕದ ಬೀಜವನ್ನು ಹಲವರು ಅಲ್ಲಿಯೇ ಗುರುತಿಸುತ್ತಾರೆ.

ಯುದ್ಧಕಾಲದಲ್ಲಿ ಜನ ಕೂಡಿಸಿಕೊಟ್ಟ ಸುಮಾರು 44,000 ಪೌಂಡುಗಳ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಯಿತು. ಮೊದಲ ವರುಷ ಹದಿನೈದು ಮಂದಿ. ಊಟ, ವಸತಿ, ಉಡುಪು, ಕೈಖರ್ಚು ಎಲ್ಲ ಶಾಲೆಯದೇ. ಅಲ್ಲಿ ಕಲಿತವರು ಆಸ್ಟ್ರೇಲಿಯಾವರೆಗೆ ಹೋಗಿ ಬೇರೆ ಶಾಲೆಗಳನ್ನು ಕಟ್ಟಿದರು. ಆದರೆ ರೋಗಾಣುಗಳ ಸಿದ್ಧಾಂತವನ್ನು ಆಕೆ ಬಹಳ ದಿನ ಒಪ್ಪಲಿಲ್ಲ. ದಾದಿಯರನ್ನು ಪರೀಕ್ಷೆಯ ಮೇಲೆ ನೋಂದಾಯಿಸಬೇಕೆಂಬ ಚಳವಳಿಯನ್ನೂ ವಿರೋಧಿಸಿದಳು. ಸ್ವಭಾವದಲ್ಲಿ ಹಟಮಾರಿ. ಸಿಡ್ನಿ ಹರ್ಬರ್ಟನನ್ನು ಅವನ ಕೊನೆಗಾಲದ ಕಾಯಿಲೆಯಲ್ಲಿಯೂ ದುಡಿಸಿದಳೆಂಬ ಆಪಾದನೆಯುಂಟು. ಅವನು 1861ರ ಆಗಸ್ಟಿನಲ್ಲಿ ತೀರಿಕೊಂಡನು.

ನಮ್ಮ ದೇಶದ ವಿಷಯಕ್ಕೆ ಬರುತ್ತೇನೆ. 1859ರಲ್ಲಿ ಭಾರತದಲ್ಲಿನ ಸೈನ್ಯದ ಆರೋಗ್ಯವನ್ನು ವಿಚಾರಿಸಲು ರಾಜ ಆಯೋಗ ನೇಮಕವಾಯಿತು. ಆಕೆ ಅದರ ಸದಸ್ಯಳಲ್ಲ. ಆದರೂ ಪ್ರತಿಯೊಂದು ದಂಡಿನ ಠಾಣೆಗೂ ಪ್ರಶ್ನಾವಳಿ ಹೋದದ್ದು ಆಕೆಯ ಪ್ರಯತ್ನದಿಂದ. ಬಂದ ಉತ್ತರಗಳ ರಾಶಿಯನ್ನೆಲ್ಲ ಹಾಸಿಗೆಯ ಮೇಲೆ ಕುಳಿತು ಓದಿ 1863ರ ವರದಿಗೆ ಟಿಪ್ಪಣಿ ಬರೆದಳು. ಭಾರತದಲ್ಲಿದ್ದ ಇಂಗ್ಲಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು ವರದಿ ತಿಳಿಸಿತು. ಹತ್ತು ವರುಷದಲ್ಲಿ ಅದು 18ಕ್ಕೆ ಇಳಿಯಿತೆಂದು ಆಕೆ ಮುಂದೆ ಲೆಕ್ಕ ಕೊಟ್ಟಳು. ಮೊದಮೊದಲು ಸೈನಿಕರ ಚಿಂತೆ. ಬರಬರುತ್ತ ಆಕೆಯ ದೃಷ್ಟಿ ನಮ್ಮ ಹಳ್ಳಿಗಳ ರೈತರ ಕಡೆಗೆ ತಿರುಗಿತು. 1876ರಿಂದ 78ರವರೆಗಿನ ಘೋರ ಬರಗಾಲ ದಕ್ಷಿಣವನ್ನೆಲ್ಲ ಸುಟ್ಟಿತು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳನ್ನು ಒಳಗೊಂಡಿದ್ದ ಅಂದಿನ ಧಾರವಾಡ ಜಿಲ್ಲೆಯೂ ಅದಕ್ಕೆ ಸಿಕ್ಕಿತು. 1878ರಲ್ಲಿ ಆಕೆ ಲಂಡನ್ನಿನ ಮಾಸಪತ್ರಿಕೆಯೊಂದರಲ್ಲಿ ಭಾರತದ ಜನರನ್ನು ಕುರಿತು ಕಟುವಾದ ಲೇಖನ ಬರೆದು, ನೀರಾವರಿಯ ಕೊರತೆಯನ್ನೂ ಸಾಹುಕಾರರ ಸಾಲದ ಬಲೆಯನ್ನೂ ಎತ್ತಿತೋರಿಸಿದಳು. 1885ರಲ್ಲಿ ವೈಸರಾಯನ ಪತ್ನಿ ಲೇಡಿ ಡಫರಿನ್ ಭಾರತೀಯ ಸ್ತ್ರೀಯರ ಚಿಕಿತ್ಸೆಗಾಗಿ ನಿಧಿ ಸ್ಥಾಪಿಸಿದಾಗ ಆಕೆಗೆ ಸಲಹೆ ಕೊಟ್ಟವರಲ್ಲಿ ಈಕೆಯೂ ಒಬ್ಬಳು. ಇಷ್ಟಾದರೂ ಭಾರತಕ್ಕೆ ಬರಲು ಆರೋಗ್ಯ ಬಿಡಲಿಲ್ಲ.

1907ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ದೊಡ್ಡ ಗೌರವ ಪಡೆದ ಪ್ರಥಮ ಸ್ತ್ರೀಯಾದಾಗ ಆಕೆಗೆ ಕಣ್ಣು ಹೋಗಿ, ನೆನಪೂ ಮಸುಕಾಗಿತ್ತು. 1910ರ ಆಗಸ್ಟ್ 13ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಲಂಡನ್ನಿನ ಮನೆಯಲ್ಲಿ ಮಧ್ಯಾಹ್ನದ ನಿದ್ದೆಗೆ ಹೋದವಳು ಏಳಲಿಲ್ಲ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡುವ ಸೂಚನೆಯನ್ನು ಮನೆಯವರು ಆಕೆಯ ಇಚ್ಛೆಯಂತೆ ಬೇಡವೆಂದರು. ಹ್ಯಾಂಪ್‌ಶೈರಿನ ಈಸ್ಟ್ ವೆಲ್ಲೋ ಎಂಬ ಹಳ್ಳಿಯಲ್ಲಿ ಮನೆತನದ ಸಮಾಧಿಯ ಕಲ್ಲಿನ ಮೇಲೆ ಆಕೆಯ ಹೆಸರಿನ ಎರಡು ಮೊದಲಕ್ಷರಗಳೂ ಹುಟ್ಟು, ಸಾವುಗಳ ಕಾಲವೂ ಮಾತ್ರ ಇವೆ.

ಆಕೆ ಸತ್ತು ಎರಡು ವರುಷದ ಮೇಲೆ, 1912ರಲ್ಲಿ, ಹೃದಯದ ರಕ್ತನಾಳ ಕಟ್ಟಿದವನು ಕೂಡಲೇ ಸಾಯಬೇಕೆಂದಿಲ್ಲ, ಬದುಕಲೂಬಹುದು ಎಂದು ಅಮೆರಿಕದ ಹೆರಿಕ್ ಎಂಬ ವೈದ್ಯ ತೋರಿಸಿದನು. ಹಾಗೆಂದು ಮಾಡುವುದೇನು? ವಾರಗಟ್ಟಲೆ ಮಲಗಿಸುವುದು, ಕಾಯುವುದು. ಡಚ್ ವಿಜ್ಞಾನಿ ಐಂಥೋವನ್ ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಯಂತ್ರವನ್ನು ರೂಪಿಸಿ 1924ರಲ್ಲಿ ನೊಬೆಲ್ ಬಹುಮಾನ ಪಡೆದನು. 1950ರ ದಶಕದಲ್ಲಿ ತಾಳ ತಪ್ಪಿದ ಹೃದಯವನ್ನು ಎದೆಯ ಹೊರಗಿನಿಂದಲೇ ವಿದ್ಯುತ್ತಿನಿಂದ ತಿದ್ದುವ ಉಪಾಯ ಬಂತು. 1960ರಲ್ಲಿ ಎದೆಯೊತ್ತಿ ರಕ್ತ ಓಡಿಸುವ ಕ್ರಮ ಬಂತು. ಆದರೂ ಆಸ್ಪತ್ರೆ ಸೇರಿದ ಹೃದಯಾಘಾತದ ರೋಗಿಗಳಲ್ಲಿ ನೂರಕ್ಕೆ ಮೂವತ್ತರ ಸುಮಾರು ಮಂದಿ ಸಾಯುತ್ತಲೇ ಇದ್ದರು. ಯಾಕಂದರೆ ತಾಳ ತಪ್ಪಿದ ಮೇಲೆ ಇರುವುದು ಮೂರು ನಾಲ್ಕು ನಿಮಿಷ. ಆ ನಿಮಿಷಗಳಲ್ಲಿ ಡಾಕ್ಟರರು ಬೇರೆ ವಾರ್ಡಿನಲ್ಲಿ, ಯಂತ್ರ ಇನ್ನೊಂದು ಕೋಣೆಯಲ್ಲಿ, ರೋಗಿ ಒಬ್ಬನೇ. 1961ರಲ್ಲಿ ಬ್ರಿಟನ್ನಿನ ಡೆಸ್ಮಂಡ್ ಜೂಲಿಯನ್ ಎಂಬ ವೈದ್ಯರು ಇಂಥ ರೋಗಿಗಳನ್ನೆಲ್ಲ ಒಂದೆಡೆ ಮಲಗಿಸಿ, ತರಬೇತಿ ಪಡೆದವರ ಕಣ್ಣಿನಡಿ ಸದಾ ಇಡಬೇಕೆಂದು ಸೂಚಿಸಿದರು. ಮುಂದಿನ ಒಂದೆರಡು ವರುಷಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೆಲ್ಟ್‌ಜರ್ ಎಂಬ ವೈದ್ಯರೂ ರೋಸ್ ಪಿನ್ನಿಯೋ ಎಂಬ ನರ್ಸೂ ಕೂಡಿ ಇನ್ನೂ ಮುಂದಕ್ಕೆ ಹೋದರು. ಗೆರೆಯನ್ನು ಓದುವುದನ್ನು ನರ್ಸುಗಳಿಗೆ ಕಲಿಸಿ, ಡಾಕ್ಟರರು ಬರುವವರೆಗೆ ಕಾಯದೆ ವಿದ್ಯುತ್ ಆಘಾತ ಕೊಡುವ ಅಧಿಕಾರವನ್ನೂ ಅವರಿಗೇ ಕೊಟ್ಟರು. ಅಂದಿನವರಿಗೆ ಅದು ದೊಡ್ಡ ಸಾಹಸ. ಇಂಥ ಘಟಕಗಳು ಹಬ್ಬಿದಂತೆ ಆಸ್ಪತ್ರೆಯೊಳಗಿನ ಸಾವು ಹೆಚ್ಚುಕಡಮೆ ಅರ್ಧಕ್ಕೆ ಇಳಿಯಿತು. ಯಂತ್ರ ಮೊದಲೂ ಇತ್ತು. ಹೊಸದಾಗಿ ಬಂದದ್ದು ಪಕ್ಕದಲ್ಲಿ ನಿಂತು ನೋಡಬಲ್ಲ ಒಬ್ಬ ನರ್ಸ್.

ನಮ್ಮ ರಾಜ್ಯದಲ್ಲಿ 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡ ಮೇಲೆ, ಅವರ ಹೆಸರಿನಲ್ಲಿ ಸರಕಾರ ಹೃದಯಜ್ಯೋತಿ ಎಂಬ ಯೋಜನೆಯನ್ನು ತಂದಿದೆ. ತಾಲೂಕಿನ ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ ಹೇಳುವ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಅದು. ಸೋಡಾ ಕುಡಿದು ಮಲಗುವ ಹಮಾಲರಿಗೆ ಇದನ್ನು ತಿಳಿಸುವ ಕೆಲಸ ಇನ್ನೂ ಉಳಿದಿದೆ. ಸುಗ್ಗಿ ಮುಗಿಯುವ ಮುನ್ನ ನಾವು ಕೆಲವರು ವಿದ್ಯಾರ್ಥಿಗಳು ಮಾರುಕಟ್ಟೆಗೆ ಹೋಗಿ ಹೇಳಿ ಬಂದೆವು. ಅರ್ಧ ಜನ ನಕ್ಕರು, ಅರ್ಧ ಜನ ಕೇಳಿದರು.

ಅಪ್ಪ ಈಗ ಚೀಲ ಹೊರುವುದಿಲ್ಲ. ಅಡತಿ ಅಂಗಡಿಯೊಂದರಲ್ಲಿ ಕುಳಿತು ಚೀಲಗಳ ಲೆಕ್ಕ ಬರೆಯುತ್ತಾರೆ, ಸಂಬಳ ಅರ್ಧ. ನನ್ನ ತಂಗಿ ರಾಣೇಬೆನ್ನೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಎರಡನೆಯ ಪಿ.ಯು.ಸಿ. ವಿಜ್ಞಾನ ಓದುತ್ತಿದ್ದಾಳೆ. ಕಳೆದ ತಿಂಗಳು ಆಕೆ ಊರಿಗೆ ಬಂದಾಗ, ನಾನು ಮೂರು ವರುಷದ ಹಿಂದೆ ಕೇಳಿದುದನ್ನೇ ಕೇಳಿದಳು. ದೊಡ್ಡಪ್ಪ ರಾತ್ರಿ ಪಾಳಿಯ ಮಾತನ್ನೂ ಬೀಗರ ಮಾತನ್ನೂ ಮತ್ತೆ ತೆಗೆದರು. ಅಪ್ಪ ಈ ಸಲ ತಲೆ ತಗ್ಗಿಸಲಿಲ್ಲ. ಆ ರಾತ್ರಿ ಆ ಹುಡುಗಿಯನ್ನು ಅವರ ಮನೆಯವರು ಕಳಿಸದೆ ಇದ್ದಿದ್ದರೆ ತಾನು ಇಲ್ಲಿ ಕುಳಿತಿರುತ್ತಿದ್ದೆನೇ ಎಂದು ಮೆಲ್ಲನೆ ಕೇಳಿದರು. ದೊಡ್ಡಪ್ಪ ಉತ್ತರ ಕೊಡಲಿಲ್ಲ. ಯುಗಾದಿಗೆ ಎಲ್ಲರೂ ಕೂಡಿದಾಗ ಮತ್ತೆ ಮಾತಾಡೋಣವೆಂದು ಹೇಳಿ, ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಅರ್ಜಿಗೆ ಬೇಕಾದ ಕಾಗದಪತ್ರಗಳನ್ನು ನಾನು ಜೋಡಿಸಿ ಇಟ್ಟಿದ್ದೇನೆ.